ಕಬ್ಬಿನ ಟ್ರ್ಯಾಕ್ಟರ್‌ನ ಕ್ಲಚ್ ಜಾರಿದಾಗ: ನಡು ಬಿಚ್ಚುವ ಮೊದಲು ನೋಡಬೇಕಾದ್ದು

ಕಬ್ಬು ನುರಿಸುವ ಹಂಗಾಮು ಶುರುವಾಗಿ ತಿಂಗಳು ಕಳೆಯುವುದರೊಳಗೆ ಮುಧೋಳ, ಜಮಖಂಡಿ, ಗೋಕಾಕ, ಅಥಣಿ, ಇಂಡಿ ಕಡೆಯ ಗ್ಯಾರೇಜುಗಳಲ್ಲಿ ನಡು ಬಿಚ್ಚಿ ಎರಡು ತುಂಡಾಗಿ ನಿಂತ ಟ್ರ್ಯಾಕ್ಟರ್‌ಗಳು ಕಾಣತೊಡಗುತ್ತವೆ. ಹೆಚ್ಚಿನವಕ್ಕೆ ಕ್ಲಚ್ ಪ್ಲೇಟ್ ಬದಲಾಗುತ್ತಿರುತ್ತದೆ. ಅವುಗಳಲ್ಲಿ ಕೆಲವಕ್ಕೆ ಬೇಕಾಗಿದ್ದದ್ದು ಪೆಡಲ್ ಕೆಳಗಿನ ಒಂದು ನಟ್ಟಿನ ಎರಡು ಸುತ್ತು. ಇನ್ನು ಕೆಲವಕ್ಕೆ ಪ್ಲೇಟ್ ಹೋದದ್ದು ನಿಜವೇ, ಆದರೆ ಅದು ಯಾಕೆ ಹೋಯಿತು ಅಂತ ಯಾರೂ ನೋಡಿರುವುದಿಲ್ಲ. ಹಾಗಾಗಿ ಸಂಕ್ರಾಂತಿ ಹೊತ್ತಿಗೆ ಅದೇ ಗಾಡಿ ಅದೇ ಗ್ಯಾರೇಜಿಗೆ ಮರಳಿ ಬರುತ್ತದೆ.

ಇಲ್ಲಿ ಹೇಳಿರುವುದು 40ರಿಂದ 55 ಎಚ್‌ಪಿಯ ಟ್ರ್ಯಾಕ್ಟರ್‌ಗಳ ಬಗ್ಗೆ. ವರ್ಷದ ಬಹುಪಾಲು ಹೊಲದ ಕೆಲಸ, ಹಂಗಾಮಿನಲ್ಲಿ ಮಾತ್ರ ಒಂದೋ ಎರಡೋ ಟ್ರೇಲರ್ ಕಬ್ಬು, ಸಿಂಗಲ್ ಇಲ್ಲವೇ ಡಬಲ್ ಒಣ ಕ್ಲಚ್, ಪೆಡಲ್‌ನಿಂದ ರಾಡ್ ಮೂಲಕ ಎಳೆಯುವ ಲಿಂಕೇಜ್. ಆಟೋಮ್ಯಾಟಿಕ್ ಕಾರು, ಪಿಕಪ್‌ಗಳಲ್ಲಿ ಕ್ಲಚ್ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಎಣ್ಣೆಯಲ್ಲಿ ಜಾರುತ್ತಲೇ ಎಳೆತ ಹೆಚ್ಚಿಸುತ್ತದೆ, ಕಾವೇರಿದ ಎಣ್ಣೆಯನ್ನು ತಣಿಸಲು ಅದಕ್ಕೆ ಕೂಲರ್ ಇರುತ್ತದೆ. ಟ್ರ್ಯಾಕ್ಟರ್‌ನ ಒಣ ಕ್ಲಚ್‌ಗೆ ಆ ಭಾಗ್ಯವಿಲ್ಲ. ಅದು ಜಾರಿದಷ್ಟು ಹೊತ್ತೂ ಎಂಜಿನ್‌ನ ಶಕ್ತಿಯ ಒಂದು ಪಾಲು ಬರೀ ಕಾವಾಗಿ ಪ್ಲೇಟಿನಲ್ಲೇ ಉಳಿಯುತ್ತದೆ.

ಕೈ ಹಚ್ಚುವ ಮೊದಲು

ಟ್ರೇಲರ್ ಬಿಚ್ಚಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬಿಚ್ಚುವ ಮುನ್ನ ಟ್ರೇಲರ್ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲಲ್ಲ, ಕಟ್ಟಿಗೆಯ ಗುಟ್ಟ ಕೊಡಿ. ಎರಿ ನೆಲದಲ್ಲಿ ಕಲ್ಲು ಹೂತುಹೋಗುತ್ತದೆ, ಇಲ್ಲವೇ ಹೊರಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಬಂದ್ ಮಾಡಿದ ಮೇಲೆಯೇ ಕೆಳಗೆ ಕೈ ಹಾಕಿ. ಎಂಜಿನ್ ಚಾಲೂ ಇಟ್ಟು ಮಾಡುವ ಪರೀಕ್ಷೆಗಳಲ್ಲಿ ಎರಡೂ ಬ್ರೇಕ್ ಪೆಡಲ್‌ಗಳನ್ನು ಲಾಕ್‌ನಿಂದ ಜೋಡಿಸಿರಬೇಕು, ಮುಂದೆ ಹಿಂದೆ ಯಾರೂ ನಿಂತಿರಬಾರದು.

ಸ್ಟಾರ್ಟರ್ ಮೋಟರಿನ ಎರಡು ತುದಿಗೆ ಪಾನ (ಸ್ಪ್ಯಾನರ್) ತಾಗಿಸಿ ನೆಲದ ಮೇಲೆ ನಿಂತು ಗಾಡಿ ಚಾಲೂ ಮಾಡುವ ಚಾಳಿ ಹಲವರಿಗಿದೆ. ಕ್ಲಚ್ ಕೆಟ್ಟ ಗಾಡಿಯಲ್ಲಿ ಇದನ್ನು ಮಾಡಲೇಬೇಡಿ. ಗೇರಿನಲ್ಲಿದ್ದರೆ ಹಿಂದಿನ ದೊಡ್ಡ ಗಾಲಿ ನಿಂತವರ ಮೇಲೆಯೇ ಹತ್ತುತ್ತದೆ.

"ರೇಸ್ ಕೊಟ್ಟರ ಎಂಜಿನ್ ಏರತೈತಿ, ಗಾಡಿ ಏರವಲ್ದು"

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದೇ. ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿಯುವುದೂ ಇದನ್ನೇ.

ಮೊದಲು ಆರ್‌ಪಿಎಂ ಮೀಟರ್ ನೋಡಿ. ಮೀಟರ್ ಸತ್ತಿದ್ದರೆ ಕಿವಿಯೇ ಮೀಟರ್. ಭಾರ ಬಿದ್ದ ಹೊತ್ತಿನಲ್ಲಿ ಎಂಜಿನ್ ಸದ್ದು ಏರಿ ಗಾಡಿಯ ಓಟ ಮಾತ್ರ ಹಾಗೇ ಉಳಿದರೆ, ಇಲ್ಲವೇ ಇಳಿದರೆ, ಕ್ಲಚ್ ಜಾರುತ್ತಿದೆ. ಎಂಜಿನ್ ಸದ್ದೇ ಕುಗ್ಗಿ, ಕರಿ ಹೊಗೆ ಬಿಟ್ಟು, ಗಾಡಿಯೂ ಕುಗ್ಗಿದರೆ ಕ್ಲಚ್ ಗಟ್ಟಿಯಿದೆ. ಎಂಜಿನ್‌ಗೇ ಉಸಿರು ಸಾಲದಾಗಿದೆ. ಕಬ್ಬಿನ ಹಾದಿಯ ಧೂಳು ಕುಡಿದ ಏರ್ ಕ್ಲೀನರ್, ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಈ ಎರಡನ್ನು ಮೊದಲು ನೋಡಿ. ಎಣ್ಣೆ ತುಂಬಿದ ಏರ್ ಕ್ಲೀನರ್ ಆದರೆ ಬಟ್ಟಲು ಬಿಚ್ಚಿ: ತಳದಲ್ಲಿ ಕೆಸರು ಗಟ್ಟಿಯಾಗಿ ಕೂತಿದ್ದರೆ ಎಣ್ಣೆ ಚೆಲ್ಲಿ, ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ಹಾಕಿ. ಮೂರನೆಯದೂ ಒಂದಿದೆ: ಎಂಜಿನ್ ಏರುತ್ತದೆ, ಗಾಡಿ ನಿಂತಿದೆ, ಆದರೆ ಹಿಂದಿನ ಗಾಲಿ ಸುತ್ತುತ್ತಿದೆ. ಹಸಿ ಎರಿಯಲ್ಲಿ ಸವೆದ ಟೈರ್ ಮಾಡುವ ಕೆಲಸ ಅದು. ಇಳಿದು ನೋಡದೆ ಕ್ಲಚ್‌ಗೆ ಬೈಯಬಾರದು.

ಜಾರುವುದು ಖಾತ್ರಿಯಾದರೆ ಮುಂದಿನದು ಪೆಡಲ್ ಫ್ರೀ ಪ್ಲೇ. ಖರ್ಚಿಲ್ಲದ ತಪಾಸಣೆ, ಐದು ನಿಮಿಷದ ಕೆಲಸ. ಎಂಜಿನ್ ಬಂದ್ ಇರಲಿ. ಪೆಡಲ್ ಪಕ್ಕದಲ್ಲಿ ಟೇಪ್ ಇಟ್ಟು, ಪೆಡಲ್ಲನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ. ಮೊದಲು ಹಗುರಾಗಿ ಇಳಿಯುತ್ತದೆ, ಒಂದು ಹಂತದಲ್ಲಿ ಗಟ್ಟಿ ಹತ್ತುತ್ತದೆ. ಹಗುರಾಗಿ ಇಳಿದ ಆ ಅಂತರವೇ ಫ್ರೀ ಪ್ಲೇ. ಹೆಚ್ಚಿನ ಮಾದರಿಗಳಲ್ಲಿ ಅದು 20ರಿಂದ 40 ಮಿ.ಮೀ. ನಡುವೆ ಇರಬೇಕು, ನಿಮ್ಮ ಗಾಡಿಯ ಅಂಕಿ ಅದರ ಕೈಪಿಡಿಯಲ್ಲಿದೆ, ಅದನ್ನೇ ಹಿಡಿಯಿರಿ.

ಈ ಅಂತರ ಯಾಕೆ ಮುಖ್ಯ? ಎಂಜಿನ್ ಜೊತೆ ಸುತ್ತುವ ಭಾರದ ಚಕ್ರ ಫ್ಲೈವೀಲ್. ಕ್ಲಚ್ ಪ್ಲೇಟನ್ನು ಸ್ಪ್ರಿಂಗ್ ಬಲದಿಂದ ಅದಕ್ಕೆ ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟ್. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಶರ್ ಪ್ಲೇಟಿನ ಫಿಂಗರ್ ಎಂಬ ಸನ್ನೆಗಳನ್ನು ಒತ್ತಿ ಆ ಹಿಡಿತ ಬಿಡಿಸುತ್ತದೆ. ಪ್ಲೇಟ್ ಸವೆದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಅದರ ಫಿಂಗರ್‌ಗಳು ರಿಲೀಸ್ ಬೇರಿಂಗ್ ಕಡೆಗೆ ಎದ್ದು ಬರುತ್ತವೆ. ಅಂದರೆ ಯಾರೂ ಮುಟ್ಟದಿದ್ದರೂ ಫ್ರೀ ಪ್ಲೇ ತಾನೇ ಕಡಿಮೆಯಾಗುತ್ತ ಹೋಗುತ್ತದೆ. ಅದು ಸೊನ್ನೆಗೆ ಬಂದ ದಿನ, ಪೆಡಲ್ ಮೇಲೆ ಯಾರ ಕಾಲೂ ಇಲ್ಲದಿದ್ದರೂ ಬೇರಿಂಗ್ ಫಿಂಗರ್‌ಗಳನ್ನು ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗ್‌ಗಳ ಬಲದ ಒಂದು ಪಾಲು ಅಲ್ಲೇ ಸೋರುತ್ತದೆ, ಪ್ಲೇಟ್ ಪೂರ್ತಿ ಹಿಡಿಯುವುದಿಲ್ಲ. ಖಾಲಿ ಗಾಡಿಗೆ ಇದು ಗೊತ್ತೇ ಆಗದು. ಎರಡು ಡಬ್ಬಿ (ಟ್ರೇಲರ್) ಕಬ್ಬು ಹೇರಿ ಹೊಲದಿಂದ ರಸ್ತೆಗೆ ಹತ್ತುವಾಗ ಗೊತ್ತಾಗುತ್ತದೆ.

ಸರಿಪಡಿಸುವುದು ಹೀಗೆ: ಲಿಂಕೇಜ್ ರಾಡ್‌ನ ಲಾಕ್ ನಟ್ ಸಡಿಲಿಸಿ, ರಾಡ್ ತುದಿಯ ಕವಲು ತುಂಡಾದ ಯೋಕ್‌ನ ಸ್ಪ್ಲಿಟ್ ಪಿನ್ ತೆಗೆದು, ಯೋಕನ್ನು ಅರ್ಧರ್ಧ ಸುತ್ತು ತಿರುಗಿಸಿ ಅಳೆಯುತ್ತ ಹೋಗಿ. ಅಳತೆ ಸಿಕ್ಕ ಮೇಲೆ ಲಾಕ್ ನಟ್ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೆಯದನ್ನೇ ನೆಟ್ಟಗೆ ಮಾಡಿ ಹಾಕಿದರೆ, ಇಲ್ಲವೇ ಬೈಂಡಿಂಗ್ ತಂತಿ ಸುತ್ತಿದರೆ, ಅದು ಕಳಚಿ ಬೀಳುವುದು ಎಲ್ಲಿ ಬೀಳಬಾರದೋ ಅಲ್ಲಿಯೇ. ಥ್ರೆಡ್ ಮುಗಿದುಹೋಗಿ ಇನ್ನು ತಿರುಗಿಸಲು ಜಾಗವೇ ಇಲ್ಲ ಎಂದಾದರೆ ಪ್ಲೇಟಿನ ಆಯುಷ್ಯ ಮುಗಿದಿದೆ ಎಂದು ಅರ್ಥ.

ಅಲ್ಲೇ ಕೆಳಗೆ ಬಗ್ಗಿ ಇನ್ನೂ ಎರಡು ಸಂಗತಿ ನೋಡಿ. ಪೆಡಲ್ ಮೇಲೆತ್ತುವ ಸ್ಪ್ರಿಂಗ್ ಮುರಿದಿದೆಯೇ? ಪೆಡಲ್ ಶಾಫ್ಟಿನ ಬುಷ್ ಒಣಗಿ, ಕೆಸರು ಕಟ್ಟಿ, ಪೆಡಲ್ ಅರ್ಧಕ್ಕೇ ನಿಲ್ಲುತ್ತಿದೆಯೇ? ಗ್ರೀಸ್ ನಿಪ್ಪಲ್‌ಗೆ ನಾಲ್ಕು ಪಂಪ್ ಗ್ರೀಸ್ ಹೊಡೆದು, ಎಣ್ಣೆ ಬಿಟ್ಟು ಹತ್ತು ಸಲ ಆಡಿಸಿದರೆ ಎಷ್ಟೋ ಗಾಡಿಗಳ ಜಾರುವಿಕೆ ಅಲ್ಲಿಗೇ ನಿಲ್ಲುತ್ತದೆ.

ಫ್ರೀ ಪ್ಲೇ ಸರಿಯಿದ್ದೂ ಜಾರಿದರೆ ರಸ್ತೆಯಲ್ಲಿ ಒಂದು ಪರೀಕ್ಷೆ ಮಾಡಿ. ಟ್ರೇಲರ್ ಇಲ್ಲದೆ, ಖಾಲಿ ರಸ್ತೆಯಲ್ಲಿ, ಮೇಲಿನ ಗೇರಿನಲ್ಲಿ ಎಂಜಿನ್ 1,200 ಆರ್‌ಪಿಎಂ ಆಸುಪಾಸು ಇರುವಾಗ ಒಮ್ಮೆಲೇ ಪೂರ್ತಿ ರೇಸ್ ಕೊಡಿ. ಸದ್ದು ಮತ್ತು ಓಟ ಎರಡೂ ಕೂಡಿಯೇ ಏರಬೇಕು. ಸದ್ದು ಹಾರಿ ಓಟ ಹಿಂದೆ ಬಿದ್ದರೆ, ಖಾಲಿ ಗಾಡಿಯಲ್ಲೇ ಜಾರುವಷ್ಟು ಕ್ಲಚ್ ಕೆಟ್ಟಿದೆ. ನಿಂತಲ್ಲೇ ಮಾಡುವ ಪರೀಕ್ಷೆಯೂ ಇದೆ: ಬ್ರೇಕ್ ಗಟ್ಟಿ ತುಳಿದು, ಮೇಲಿನ ಗೇರ್ ಹಾಕಿ, ಸ್ವಲ್ಪ ರೇಸ್ ಇಟ್ಟು ಕ್ಲಚ್ ನಿಧಾನಕ್ಕೆ ಬಿಡುವುದು. ಒಳ್ಳೆಯ ಕ್ಲಚ್ ಎಂಜಿನ್ನನ್ನು ತಕ್ಷಣ ಬಂದ್ ಮಾಡುತ್ತದೆ. ಇದನ್ನು ಒಂದೇ ಸಲ, ಹೆಚ್ಚೆಂದರೆ ಎರಡು ಸಲ ಮಾಡಿ. ನಾಲ್ಕು ಮಂದಿ ನಾಲ್ಕು ಸಲ ಪರೀಕ್ಷಿಸಿದರೆ ಚೆನ್ನಾಗಿದ್ದ ಪ್ಲೇಟೂ ಸುಡುತ್ತದೆ.

ಕೊನೆಯದು ಎಣ್ಣೆ. ಕ್ಲಚ್ ಹೌಸಿಂಗ್‌ನ ತಳದಲ್ಲಿ ಒಂದು ಚಿಕ್ಕ ತೂತು ಇರುತ್ತದೆ, ಹಲವು ಮಾದರಿಗಳಲ್ಲಿ ಅದರಲ್ಲೊಂದು ಸ್ಪ್ಲಿಟ್ ಪಿನ್ ಜೋಲಾಡುತ್ತಿರುತ್ತದೆ. ಒಳಗೆ ಸೋರಿದ ಎಣ್ಣೆ ಹೊರಗೆ ಬರಲಿ ಅಂತಲೇ ಆ ತೂತು. ಭತ್ತದ ಕೆಸರುಗದ್ದೆಗೆ ಇಳಿಯುವಾಗ ಅಲ್ಲಿ ಪ್ಲಗ್ ಹಾಕುತ್ತಾರೆ. ಬೇರೆ ಕಡೆಯಿಂದ ತಂದ ಹಳೆಯ ಗಾಡಿಗಳಲ್ಲಿ ಆ ಪ್ಲಗ್ ಹಾಗೇ ಉಳಿದಿರುತ್ತದೆ, ಸೋರಿದ ಎಣ್ಣೆ ಒಳಗೇ ನಿಂತು ಪ್ಲೇಟಿಗೆ ಸಿಡಿಯುತ್ತದೆ. ಪ್ಲಗ್ ಇದ್ದರೆ ಬಿಚ್ಚಿ, ಏನು ಬರುತ್ತದೆ ನೋಡಿ. ತೆಳ್ಳಗೆ ಕಪ್ಪಗಿದ್ದರೆ ಎಂಜಿನ್ ಆಯಿಲ್, ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಹೋಗಿದೆ. ಕಪ್ಪಿಲ್ಲದ, ಕಂದು ಇಲ್ಲವೇ ಜೇನಿನ ಬಣ್ಣದ ಎಣ್ಣೆಯಾದರೆ ಗೇರ್‌ಬಾಕ್ಸಿನದು, ಕ್ಲಚ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲ್ ನೋಡಬೇಕು. ಎರಡರಲ್ಲೂ ಗಾಡಿ ಬಿಚ್ಚುವುದು ತಪ್ಪದು. ತೂತಿನಿಂದ ಪೆಟ್ರೋಲ್ ಹೊಡೆದು ಪ್ಲೇಟ್ ತೊಳೆಯುವ ಉಪಾಯ ಬೇಡ. ಪ್ಲೇಟಿನ ಮೇಲಿನ ಹಿಡಿತದ ಪದರ, ಅಂದರೆ ಲೈನಿಂಗ್, ಎಣ್ಣೆಯನ್ನು ಹೀರಿಕೊಂಡಿರುತ್ತದೆ, ಕಾವು ಏರಿದಾಗ ಅದು ಮತ್ತೆ ಮೇಲೆ ಬರುತ್ತದೆ. ಬಿಸಿ ಹೌಸಿಂಗ್ ಒಳಗೆ ಪೆಟ್ರೋಲ್ ಆವಿ ಅಂದರೆ ಬೆಂಕಿಯ ಭಯ ಬೇರೆ.

"ಸುಟ್ಟ ವಾಸನಿ ಹೊಡಿಯಾಕತ್ತೈತಿ"

ಒಮ್ಮೆ ಮಾತ್ರ, ಭಾರೀ ಏರಿನಲ್ಲಿ ಬಂದು ಹೋದ ವಾಸನೆಗೆ ಗಾಬರಿ ಬೇಡ. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಪೆಡಲ್ ಬಿಟ್ಟು, ಎಂಜಿನ್ ಸಣ್ಣ ಓಟದಲ್ಲಿ ಅರ್ಧ ತಾಸು ಬಿಡಿ. ಹೌಸಿಂಗ್ ಮೇಲೆ ನೀರು ಸುರಿಯಬೇಡಿ. ಒಳಗೆ ನುಗ್ಗಿದರೆ ಕಾದ ಎರಕದ ಮೇಲೆ ಬಿರುಕು ಬೀಳಬಹುದು. ತಣಿದ ಮೇಲೆ ಜಾರದಿದ್ದರೆ ಒಂದು ಟ್ರೇಲರ್ ಬಿಟ್ಟು ಇನ್ನೊಂದನ್ನು ಎಳೆದುಕೊಂಡು ಹೋಗಿ. ತಣಿದ ಮೇಲೂ ಜಾರಿದರೆ ಲೈನಿಂಗ್ ಮೇಲೆ ಗಾಜಿನಂಥ ಪದರ ಕಟ್ಟಿದೆ, ಅದು ಮತ್ತೆ ಹಿಡಿಯುವುದಿಲ್ಲ.

ವಾಸನೆ ದಿನಾ ಬರುತ್ತಿದ್ದರೆ ಕ್ಲಚ್‌ಗಿಂತ ಮೊದಲು ಡ್ರೈವರ್‌ನ ಕಾಲು ನೋಡಬೇಕು. ಇದು ಬೈಗುಳವಲ್ಲ, ಲೆಕ್ಕ. ಎರಡು ಟ್ರೇಲರ್, ಕಬ್ಬು, ಟ್ರ್ಯಾಕ್ಟರ್ ಎಲ್ಲ ಸೇರಿ 25 ಟನ್ ಅನ್ನೋಣ. ಗಂಟೆಗೆ 6 ಕಿ.ಮೀ. ಓಟದ ಗೇರಿನಲ್ಲಿ ಎಬ್ಬಿಸಿದರೆ ಕ್ಲಚ್‌ನಲ್ಲಿ ಹುಟ್ಟುವ ಕಾವು ಸುಮಾರು 35 ಕಿಲೋಜೂಲ್. 12 ಕಿ.ಮೀ. ಓಟದ ಗೇರಿನಲ್ಲಿ ಎಬ್ಬಿಸಿದರೆ ಸುಮಾರು 140. ಓಟ ಎರಡು ಪಟ್ಟು, ಕಾವು ನಾಲ್ಕು ಪಟ್ಟು. ಆ 140 ಕಿಲೋಜೂಲ್ ಒಂದು ಲೀಟರ್ ನೀರನ್ನು 33 ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ಅದು ಸಮತಟ್ಟಿನ ಲೆಕ್ಕ. 20 ಅಡಿಗೆ ಒಂದಡಿ ಏರುವ ದಿಬ್ಬವಿದ್ದರೆ ಅದೇ 25 ಟನ್ನಿಗೆ 1,250 ಕೆ.ಜಿ. ಹೆಚ್ಚುವರಿ ಎಳೆತ ಬೇಕು, ಜಾರುವ ಹೊತ್ತೂ ಬೆಳೆಯುತ್ತದೆ.

ಕಾರ್ಖಾನೆ ಮುಂದಿನ ಪಾಳಿಯನ್ನು ಇದಕ್ಕೆ ಸೇರಿಸಿ. ಹತ್ತು ಅಡಿ ಮುಂದೆ, ನಿಲ್ಲು, ಮತ್ತೆ ಹತ್ತು ಅಡಿ. ಒಂದು ರಾತ್ರಿಯಲ್ಲಿ ಐವತ್ತು ಅರವತ್ತು ಸಲ ಎಬ್ಬಿಸಬೇಕು. ಹೈ ಲಿವರ್‌ನಲ್ಲೇ ಇಟ್ಟು ಅರ್ಧ ಕ್ಲಚ್ ಮೇಲೆ ತೆವಳಿಸಿದರೆ, ಹೊಲದಲ್ಲಿ ವರ್ಷಗಟ್ಟಲೆ ಬಾಳುವ ಪ್ಲೇಟ್ ಒಂದು ಹಂಗಾಮಿಗೇ ಮುಗಿಯುತ್ತದೆ. ಪಾಳಿಯಲ್ಲಿ ಲೋ ಲಿವರ್‌ನ ಮೊದಲ ಇಲ್ಲವೇ ಎರಡನೇ ಗೇರ್, ಸಣ್ಣ ರೇಸ್, ಕ್ಲಚ್ ಒಂದೇ ಸಲ ಪೂರ್ತಿ ಬಿಡುವುದು. ನಿಂತಾಗ ನ್ಯೂಟ್ರಲ್. ಮುಂದಿನ ಗಾಡಿ ಐವತ್ತು ಅಡಿ ಸರಿಯುವ ತನಕ ತಡೆದರೆ ಎಬ್ಬಿಸುವ ಸಲಗಳು ಐದರಲ್ಲಿ ಒಂದಾಗುತ್ತವೆ. ನಡುವೆ ಯಾರಾದರೂ ನುಗ್ಗುತ್ತಾರೆ ಅನ್ನುವುದು ನಿಜ, ಅದಕ್ಕೆ ಕ್ಲಚ್‌ನಲ್ಲಿ ಉತ್ತರವಿಲ್ಲ.

ಏರಿನಲ್ಲಿ ಬ್ರೇಕ್ ಹಿಡಿಯದೆ ಅರ್ಧ ಕ್ಲಚ್ ಮೇಲೆ ಗಾಡಿ ನಿಲ್ಲಿಸುವುದು, ಓಡುವಾಗ ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇರುವುದು, ಇವೆರಡೂ ಫ್ರೀ ಪ್ಲೇ ಇಲ್ಲದ ಗಾಡಿಗೆ ಸಮ. ಹೌಸಿಂಗ್‌ನಿಂದ ಹೊಗೆಯೇ ಬಂದರೆ ಅಲ್ಲಿಗೇ ನಿಲ್ಲಿಸಿ. ಮೇಲೆ ಒಣ ರವದಿ (ಕಬ್ಬಿನ ಎಲೆ) ಜೋತಾಡುವ ಹೇರು, ಪಕ್ಕದಲ್ಲಿ ಡೀಸೆಲ್ ಟ್ಯಾಂಕ್, ಅದನ್ನು ಮರೆಯಬೇಡಿ. ರಸ್ತೆ ಬದಿಗೆ ನಿಲ್ಲಿಸಿದ್ದು ರಾತ್ರಿಯಾದರೆ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಇಲ್ಲವೇ ದೀಪ ಇಟ್ಟೇ ಮುಂದಿನ ಕೆಲಸ.

"ಗೇರ್ ಬೀಳವಲ್ದು, ಕರ್ ಅಂತೈತಿ"

ಇದು ಜಾರುವುದರ ತಿರುವುಮುರುವು. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಪೆಡಲ್ ತುಳಿದರೂ ಇನ್‌ಪುಟ್ ಶಾಫ್ಟ್ ಸುತ್ತುತ್ತಲೇ ಇದೆ.

ಫ್ರೀ ಪ್ಲೇ ಅತಿಯಾಗಿದೆಯೇ ನೋಡಿ. ಲಿಂಕೇಜಿನ ಪಿನ್, ಯೋಕ್‌ಗಳ ತೂತು ಸವೆದು ಮೊಟ್ಟೆಯಾಕಾರ ಆಗಿದ್ದರೆ ಪೆಡಲ್‌ನ ಅರ್ಧ ದಾರಿ ಅಲ್ಲೇ ಕಳೆದುಹೋಗುತ್ತದೆ. ಹೊಸ ಪಿನ್ ಹಾಕಿ ಮತ್ತೆ ಅಳೆಯಿರಿ. ಅಷ್ಟಕ್ಕೂ ಸರಿಹೋಗದಿದ್ದರೆ ಸೊಟ್ಟಗಾದ ಪ್ಲೇಟ್, ಎತ್ತರ ಒಂದೇ ಸಮ ಇಲ್ಲದ ಫಿಂಗರ್‌ಗಳು, ಜಾಮ್ ಆದ ಪೈಲಟ್ ಬೇರಿಂಗ್ (ಫ್ಲೈವೀಲ್ ನಡುವೆ ಇನ್‌ಪುಟ್ ಶಾಫ್ಟಿನ ತುದಿ ಹಿಡಿಯುವುದು), ತುಕ್ಕು ಹಿಡಿದ ಸ್ಪ್ಲೈನ್ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳು), ಇವುಗಳಲ್ಲೊಂದು. ಎಲ್ಲವೂ ಒಳಗಿನವು.

ಬಿಡದ ಕ್ಲಚ್ ಜಾರುವ ಕ್ಲಚ್‌ಗಿಂತ ಅಪಾಯ. ತುಳಿದಾಗ ಗಾಡಿ ನಿಲ್ಲದೆ ಮುಂದಕ್ಕೆ ದೂಡುತ್ತದೆ. ಸಂತೆ, ಕಾರ್ಖಾನೆ ಯಾರ್ಡ್, ಮಂದಿ ಇರುವ ಕಡೆ ಇಂಥ ಗಾಡಿ ಒಯ್ಯಬೇಡಿ. ಎಂಜಿನ್ ಬಂದ್ ಮಾಡುವ ನಾಬ್ ಕೈಗೆಟಕುವಂತಿರಲಿ, ಕೆಲಸ ಮಾಡುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

"ಮಳಿಗಾಲದಾಗ ನಿಂದರಿಸಿದ ಗಾಡಿ, ಕ್ಲಚ್ ಹಿಡಕೊಂಡೈತಿ"

ತಿಂಗಳುಗಟ್ಟಲೆ ಮಳೆಯಲ್ಲಿ, ಬಯಲಲ್ಲಿ ನಿಂತ ಗಾಡಿಯಲ್ಲಿ ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೆ ಅಂಟಿಕೊಳ್ಳುತ್ತದೆ. ಪೆಡಲ್ ಸಹಜವಾಗಿ ಇಳಿಯುತ್ತದೆ, ಫ್ರೀ ಪ್ಲೇ ಸರಿಯಿರುತ್ತದೆ, ಗೇರ್ ಮಾತ್ರ ಬೀಳದು. ನಿಲ್ಲಿಸುವ ಮುನ್ನ ಸರಿಯಾಗಿತ್ತು, ಈಗ ಇಲ್ಲ ಎಂದರೆ ತೊಂಬತ್ತು ಪಾಲು ಇದೇ.

ಎಂಜಿನ್ ನ್ಯೂಟ್ರಲ್‌ನಲ್ಲಿ ಅರ್ಧ ತಾಸು ಓಡಿಸಿ ಕಾಯಿಸಿ. ಬಂದ್ ಮಾಡಿ, ಪೆಡಲ್ ಪೂರ್ತಿ ತುಳಿದು, ಕಟ್ಟಿಗೆಯ ಗುಟ್ಟ ಕೊಟ್ಟು ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆಗೆ ಹಲವು ಸಲ ತಾನೇ ಬಿಟ್ಟಿರುತ್ತದೆ. ಬಿಡದಿದ್ದರೆ ಅನುಭವಿ ಡ್ರೈವರ್ ಒಬ್ಬರೇ, ಬಯಲು ಹೊಲದಲ್ಲಿ, ಟ್ರೇಲರ್ ಇಲ್ಲದೆ, ಪೆಡಲ್ ತುಳಿದಿಟ್ಟು ನಡುವಿನ ಗೇರಿನಲ್ಲಿ ಓಡಿಸುತ್ತ ರೇಸ್ ಏರಿಸಿ ಇಳಿಸಿ, ಬ್ರೇಕ್ ತಟ್ಟಿ ಬಿಡಿಸಬಹುದು. ಬಿಟ್ಟಾಗ ಠಣ್ ಎಂಬ ಸದ್ದು ಬರುತ್ತದೆ. ಐದಾರು ಪ್ರಯತ್ನಕ್ಕೂ ಬಿಡದಿದ್ದರೆ ಬಲಾತ್ಕಾರ ಬೇಡ, ಲೈನಿಂಗ್ ಕಿತ್ತು ಬರುತ್ತದೆ, ಮಿಸ್ತ್ರಿಯನ್ನು ಕರೆಯಿರಿ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗಲೇ ಪೆಡಲ್‌ಗೆ ಗುಟ್ಟ ಕೊಟ್ಟಿಡಿ. ಕೆಲವು ಮಾದರಿಗಳಲ್ಲಿ ಅದಕ್ಕೆಂದೇ ಕೊಕ್ಕೆ ಇದೆ, ಯಾರೂ ಬಳಸುವುದಿಲ್ಲ.

"ಕ್ಲಚ್ ಬಿಡೂಮುಂದ ಗಾಡಿ ನಡಗತೈತಿ"

ಮೊದಲು ಟ್ರೇಲರ್ ಬಿಚ್ಚಿ ಖಾಲಿ ಗಾಡಿ ಎಬ್ಬಿಸಿ ನೋಡಿ. ನಡುಕ ಮಾಯವಾದರೆ ತಪ್ಪು ಕ್ಲಚ್‌ನದಲ್ಲ, ಹುಕ್ಕಿನದು. ಸವೆದ ಹಿಚ್ ಪಿನ್, ಅಗಲವಾದ ಟ್ರೇಲರ್ ಕಣ್ಣು, ಎರಡು ಡಬ್ಬಿಗಳ ನಡುವಿನ ಸಡಿಲ ಎಲ್ಲ ಸೇರಿ ಎಳೆದು ಬಿಡುವ ಕುಲುಕಾಟ ಕೊಡುತ್ತವೆ. ಸರಿಯಾದ ದಪ್ಪದ ಪಿನ್ ಕೆಲವು ನೂರು ರೂಪಾಯಿಯ ಕೆಲಸ.

ಖಾಲಿ ಗಾಡಿಯೂ ನಡುಗಿದರೆ ಪ್ಲೇಟಿಗೆ ಅಲ್ಲಲ್ಲಿ ಎಣ್ಣೆ ಹತ್ತಿದೆ, ಇಲ್ಲವೇ ಫ್ಲೈವೀಲ್ ಮುಖದಲ್ಲಿ ಸುಟ್ಟ ನೀಲಿ ಕಲೆಗಳಿವೆ, ಇಲ್ಲವೇ ಫಿಂಗರ್‌ಗಳ ಎತ್ತರ ಹೆಚ್ಚು ಕಡಿಮೆ ಇದೆ. ಇಂಥ ಗಾಡಿಯಲ್ಲಿ ಕ್ಲಚ್ ಫಕ್ಕನೆ ಹಿಡಿಯುವುದರಿಂದ ಭಾರ ಇರುವಾಗ ಮುಂಗಾಲಿ ಏಳಬಹುದು. ಭಾರವನ್ನು ಯಾವತ್ತೂ ಕೆಳಗಿನ ಹುಕ್ಕಿಗೇ ಕಟ್ಟಿ. ಹೂತ ಗಾಡಿ ಎಳೆಯಲೆಂದು ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಹಾಕಿದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಜಿಗಿದು ಪಾರಾಗುವಷ್ಟು ಹೊತ್ತು ಇರುವುದಿಲ್ಲ.

"ಪೆಡಲ್ ತುಳದ್ರ ಒಳಗ ಚುಂಯ್ ಅಂತೈತಿ"

ಸದ್ದು ಯಾವಾಗ ಬರುತ್ತದೆ ಎನ್ನುವುದೇ ಉತ್ತರ. ಪೆಡಲ್ ತುಸು ತುಳಿದ ಕೂಡಲೇ ಶುರುವಾದರೆ ರಿಲೀಸ್ ಬೇರಿಂಗ್. ಗೇರ್ ಹಾಕಿ, ಪೂರ್ತಿ ತುಳಿದು ನಿಂತಾಗ ಮಾತ್ರ ಬಂದರೆ ಪೈಲಟ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಇದ್ದು, ತುಳಿದಾಗ ಹೋದರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್. ಕ್ಲಚ್ ಬಿಚ್ಚಿ ಫಲವಿಲ್ಲ. ರಿಲೀಸ್ ಬೇರಿಂಗ್ ಸದ್ದಿನಲ್ಲೇ ಹಂಗಾಮು ಮುಗಿಸುತ್ತೇನೆ ಅನ್ನುವವರಿಗೆ ಒಂದು ಮಾತು: ಅದು ಜಾಮ್ ಆದ ದಿನ ಫಿಂಗರ್‌ಗಳನ್ನು ತಿಂದುಹಾಕುತ್ತದೆ. ಒಂದು ಬೇರಿಂಗ್ ಉಳಿಸಲು ಹೋಗಿ ಪ್ರೆಶರ್ ಪ್ಲೇಟ್ ಕೊಳ್ಳಬೇಕಾಗುತ್ತದೆ.

ಇಳಿಜಾರಿನ ನಂತರ ಖಡಕ್ ಎಂದು, ಆಮೇಲೆ ಎಳೆಯುವುದೇ ನಿಂತರೆ ಅದು ಬೇರೆಯೇ ಕಥೆ. ಲೋ ಗೇರಿನಲ್ಲಿ ಇಳಿಯುತ್ತ ಕ್ಲಚ್ ತುಳಿದರೆ ಭಾರ ಗಾಡಿಯನ್ನು ದೂಡುತ್ತದೆ, ಗಾಲಿಗಳು ಗೇರ್‌ಬಾಕ್ಸ್ ಮೂಲಕ ಪ್ಲೇಟನ್ನು ತಿರುಗಿಸುತ್ತವೆ. 2,200 ಆರ್‌ಪಿಎಂಗೆ 6 ಕಿ.ಮೀ. ಓಡುವ ಗೇರಿನಲ್ಲಿ ಗಾಡಿ 30 ಕಿ.ಮೀ. ಓಟಕ್ಕೆ ಹೋದರೆ ಪ್ಲೇಟ್ 11,000 ಸುತ್ತು ತಿರುಗುತ್ತದೆ. ಲೈನಿಂಗ್ ಚೂರಾಗಿ ಸಿಡಿಯುತ್ತದೆ. ಅದಕ್ಕೂ ಮೊದಲು ಬ್ರೇಕ್ ಸಾಲದೆ ಗಾಡಿ ಕೈ ತಪ್ಪುತ್ತದೆ. ಇಳಿಜಾರಿನಲ್ಲಿ ಕ್ಲಚ್ ತುಳಿಯಬೇಡಿ, ನ್ಯೂಟ್ರಲ್ ಮಾಡಬೇಡಿ.

"ರೋಟಾವೇಟರ್ ನಿಂದರತೈತಿ, ಗಾಡಿ ಬರೋಬರಿ ಐತಿ"

ಡಬಲ್ ಕ್ಲಚ್ ಗಾಡಿಯಲ್ಲಿ ಪಿಟಿಒಗೆ, ಅಂದರೆ ರೋಟಾವೇಟರ್‌ನಂಥ ಉಪಕರಣ ತಿರುಗಿಸುವ ಹಿಂದಿನ ಶಾಫ್ಟಿಗೆ, ಬೇರೆ ಪ್ಲೇಟ್. ಪೆಡಲ್‌ನ ಮೊದಲರ್ಧಕ್ಕೆ ಗಾಡಿ ನಿಲ್ಲುತ್ತದೆ, ಪೂರ್ತಿ ತುಳಿದಾಗ ಪಿಟಿಒ. ರೋಟಾವೇಟರ್‌ನ ಗೇರ್‌ಬಾಕ್ಸ್, ಶಾಫ್ಟ್‌ನ ಸ್ಲಿಪ್ ಕ್ಲಚ್ ಇಲ್ಲವೇ ಶಿಯರ್ ಬೋಲ್ಟ್ ಸರಿಯಿವೆಯೇ ಎಂದು ಮೊದಲು ನೋಡಿ. ಅವು ಸರಿಯಿದ್ದರೆ ಪಿಟಿಒ ಪ್ಲೇಟ್.

ಬಿಚ್ಚಿದ ಮೇಲೆ

ಟ್ರ್ಯಾಕ್ಟರ್‌ಗೆ ಲಾರಿಯಂತೆ ಚಾಸಿ ಇಲ್ಲ. ಎಂಜಿನ್, ಹೌಸಿಂಗ್, ಗೇರ್‌ಬಾಕ್ಸ್‌ಗಳೇ ಬೆನ್ನೆಲುಬು. ಬೇರ್ಪಡಿಸಿದೊಡನೆ ಎಂಜಿನ್ ಭಾಗ ಮುಂದಿನ ಆಕ್ಸೆಲ್‌ನ ನಡುಪಿನ್ ಮೇಲೆ ಪಕ್ಕಕ್ಕೆ ವಾಲುತ್ತದೆ. ಆಕ್ಸೆಲ್ ಮತ್ತು ಅದರ ಬ್ರಾಕೆಟ್ ನಡುವೆ ಎರಡೂ ಬದಿ ಕಟ್ಟಿಗೆಯ ಬೆಣೆ ಬಡಿದು, ಎರಡೂ ಭಾಗಕ್ಕೆ ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಬೋಲ್ಟ್ ಸಡಿಲಿಸಬೇಕು. ಜ್ಯಾಕ್ ಒಂದರ ಮೇಲೆ, ಇಟ್ಟಿಗೆ ಮೇಲೆ ನಿಲ್ಲಿಸುವ ಕೆಲಸವಲ್ಲ. ಸ್ಟ್ಯಾಂಡ್, ಚೈನ್ ಬ್ಲಾಕ್ ಇಲ್ಲದಿದ್ದರೆ ಮನೆಯಂಗಳದಲ್ಲಿ ಇದಕ್ಕೆ ಕೈ ಹಾಕಬೇಡಿ. ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ. ಹೌಸಿಂಗ್ ಒಳಗಿನ ಕಪ್ಪು ಧೂಳನ್ನು ಕಂಪ್ರೆಸರ್‌ನಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಮೂಗಿಗೆ ಮಾಸ್ಕ್ ಇರಲಿ.

ಲೈನಿಂಗ್ ರಿವಿಟ್ ತಲೆಯಿಂದ ಅರ್ಧ ಮಿ.ಮೀ. ಕೂಡ ಮೇಲಿಲ್ಲದಿದ್ದರೆ ಪ್ಲೇಟ್ ಬದಲಿಸಿ. ಪ್ಲೇಟ್ ದಪ್ಪಗಿದ್ದೂ ಜಾರಿದ್ದರೆ ಪ್ರೆಶರ್ ಪ್ಲೇಟ್ ಸ್ಪ್ರಿಂಗ್ ನೋಡಿ: ನೀಲಿಗಟ್ಟಿದ ಸ್ಪ್ರಿಂಗ್ ಕಾವಿಗೆ ಬಿಗಿ ಕಳೆದುಕೊಂಡಿದೆ. ಫ್ಲೈವೀಲ್‌ನಲ್ಲಿ ಉಗುರಿಗೆ ಸಿಗುವ ಬಿರುಕು, ತಗ್ಗು ಇದ್ದರೆ ಲೇಥ್‌ಗೆ ಕೊಡಿ. ಆಳ ಬಿರುಕಾದರೆ ತಿದ್ದುವುದು ಬೇಡ, ಹೊಸದು. ಬಿಚ್ಚುವ ಕೂಲಿ ಒಂದೇ ಆದ್ದರಿಂದ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎರಡೂ ಸೀಲ್ ಈಗಲೇ ಬದಲಿಸಿ. ಇಲ್ಲಿ ಮಾಡುವ ಉಳಿತಾಯ ಇಡೀ ಕೆಲಸದಲ್ಲೇ ದುಬಾರಿಯದು. ಹೊಸ ರಿಲೀಸ್ ಬೇರಿಂಗನ್ನು ಡೀಸೆಲ್‌ನಲ್ಲಿ ಅದ್ದಬೇಡಿ, ಒಳಗೆ ತುಂಬಿದ ಗ್ರೀಸ್ ಕರಗಿಹೋಗುತ್ತದೆ.

ಯಾವ ಪ್ಲೇಟ್ ಹಾಕಿಸಬೇಕು

"ಈ ಸಲ ಗಟ್ಟಿದು ಹಾಕ್ರಿ" ಎನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಮಾಮೂಲು ಲೈನಿಂಗ್ ಪ್ಲೇಟ್ ಮೆತ್ತಗೆ ಹಿಡಿಯುತ್ತದೆ, ಹಿಂದೆ ಮುಂದೆ ಮಾಡುವ ಕೆಲಸಕ್ಕೆ, ಬಿತ್ತನೆಗೆ ಒಳ್ಳೆಯದು. ಕಾವು ಮಿತಿ ಮೀರಿದರೆ ಹಿಡಿತ ಬಿಡುತ್ತದೆ. ಬಟನ್ ಪ್ಲೇಟ್, ಅಂದರೆ ಸೆರಾಮಿಕ್ ಗುಂಡಿಗಳದ್ದು, ಕಾವು ತಾಳುತ್ತದೆ, ಆದರೆ ಹಿಡಿದರೆ ಒಮ್ಮೆಲೇ ಹಿಡಿಯುತ್ತದೆ. ಅರ್ಧ ಕ್ಲಚ್ ಎನ್ನುವ ಜಾಗವೇ ಅದರಲ್ಲಿ ಕಡಿಮೆ. ಫ್ಲೈವೀಲ್ ಮುಖವನ್ನೂ ಬೇಗ ಸವೆಸುತ್ತದೆ.

ವರ್ಷದಲ್ಲಿ ಎಂಟು ತಿಂಗಳು ಹೊಲ, ನಾಲ್ಕು ತಿಂಗಳು ಕಬ್ಬು ಎನ್ನುವ ಗಾಡಿಗೆ ಕಂಪನಿ ಹೇಳಿದ ಅಳತೆಯ ಒಳ್ಳೆಯ ಮಾಮೂಲು ಪ್ಲೇಟೇ ಸಾಕು. ಬಾಡಿಗೆಗೆ ಬರೀ ಸಾಗಣೆ ಮಾಡುವ ಗಾಡಿಯಾದರೆ, ಆ ಮಾದರಿಗೆ ಕಂಪನಿಯೇ ಬಟನ್ ಪ್ಲೇಟ್ ಕೊಡುತ್ತಿದ್ದರೆ, ಹಾಕಿಸಬಹುದು, ಡ್ರೈವರ್ ನುರಿತವನಾಗಿರಬೇಕು.

ಸ್ಪ್ರಿಂಗ್ ಬಿಗಿ ಹೆಚ್ಚಿಸುವ, ದೊಡ್ಡ ಗಾಡಿಯ ಪ್ರೆಶರ್ ಪ್ಲೇಟ್ ಕೂರಿಸುವ ಕೆಲಸ ಬೇಡ. ಪೆಡಲ್ ಗಟ್ಟಿಯಾಗುತ್ತದೆ, ತುಳಿದಾಗಲೆಲ್ಲ ಆ ಬಲ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ವಾಷರ್ ಮೇಲೆ ಬೀಳುತ್ತದೆ. ಅಲ್ಲದೆ ಭಾರ ಮಿತಿ ಮೀರಿದಾಗ ಜಾರಿ ಉಳಿದವುಗಳನ್ನು ಕಾಪಾಡುವುದೇ ಕ್ಲಚ್. ಅದು ಜಾರದಂತೆ ಮಾಡಿದರೆ ಮುರಿಯುವ ಸರದಿ ಗೇರಿನ ಹಲ್ಲಿಗೆ, ಕ್ರೌನ್ ಪಿನಿಯನ್‌ಗೆ, ಆಕ್ಸೆಲ್‌ಗೆ. 11 ಇಂಚಿನ ಬದಲು 12 ಇಂಚಿನದು ಹಾಕಿದರೆ ಹಿಡಿತ ಹತ್ತನೇ ಒಂದು ಪಾಲಿನಷ್ಟು ಹೆಚ್ಚಬಹುದು, ಆದರೆ ಅದಕ್ಕೆ ಫ್ಲೈವೀಲ್, ಪ್ರೆಶರ್ ಪ್ಲೇಟ್ ಎಲ್ಲ ಅದೇ ಅಳತೆಯವು ಬೇಕು. ಎರಡನೇ ಟ್ರೇಲರ್‌ನಿಂದ ಒಂದು ಟನ್ ಇಳಿಸುವುದು ಅದಕ್ಕಿಂತ ಅಗ್ಗ.

ಜೋಡಿಸುವಾಗ ಪ್ಲೇಟ್ ಮೇಲೆ ಫ್ಲೈವೀಲ್ ಬದಿ ಎಂದು ಅಚ್ಚಾಗಿರುವ ಮುಖ ಫ್ಲೈವೀಲ್ ಕಡೆಗೇ ಇರಲಿ. ಡಮ್ಮಿ ಶಾಫ್ಟ್ ಹಾಕಿ ನಡು ಹೊಂದಿಸಿ, ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಫಿಂಗರ್ ಎತ್ತರವನ್ನು ಗೇಜ್‌ನಿಂದ ಅಳೆದು ಒಂದೇ ಸಮ ಮಾಡಿ, ಕಣ್ಣಳತೆ ಸಾಲದು. ಸ್ಪ್ಲೈನ್‌ಗೆ ಬೆರಳಿನಿಂದ ಸವರಿದಷ್ಟೇ ಗ್ರೀಸ್, ಹೆಚ್ಚಾದರೆ ಸಿಡಿದು ಹೊಸ ಲೈನಿಂಗ್ ಮೇಲೆ ಕೂರುತ್ತದೆ.

ಹೊಸ ಪ್ಲೇಟ್ ಹಾಕಿದ ಮೊದಲ ಎರಡು ಮೂರು ದಿನ ಒಂದೇ ಟ್ರೇಲರ್ ಎಳೆಯಿರಿ. ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಹೊಸ ಪ್ಲೇಟ್ ಬೇಗ ಕೂರುತ್ತದೆ, ಫ್ರೀ ಪ್ಲೇ ಕಡಿಮೆಯಾಗುತ್ತದೆ. ಹಾಗಾಗಿ 50 ತಾಸು ಓಡಿದ ಮೇಲೆ ಒಮ್ಮೆ, ಆಮೇಲೆ ಹಂಗಾಮು ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ, ಅದೇ ಟೇಪ್ ಹಿಡಿದು ಪೆಡಲ್ ಅಳೆಯಿರಿ. ಅಳತೆಯನ್ನು ಮಡ್‌ಗಾರ್ಡ್ ಒಳಬದಿಗೆ ಪೇಂಟ್‌ನಲ್ಲಿ ಬರೆದಿಟ್ಟರೆ ಮುಂದಿನ ಡ್ರೈವರ್‌ಗೂ ಕಾಣುತ್ತದೆ.